ಬೇರೆ ಗಾಡಿಯ ಕೇಬಲ್ಲು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ. ಹೇಳಲಿ, ಸುಳ್ಳೇನಲ್ಲ. ನನ್ನ ಹೊಲಿಗೆ ಅಂಗಡಿಗೆ ಬಂದು "ಈ ಬಣ್ಣ ನನಗೆ ಒಪ್ಪುತ್ತಾ?" ಎಂದು ಕೇಳಿದವರಿಗೆ, ಒಪ್ಪದಿದ್ದರೆ ಒಪ್ಪಲ್ಲ ಎಂದೇ ಹೇಳುತ್ತೇನೆ. ಹಳೇ ಅಳತೆಗೇ ಹೊಲಿಯಿರಿ ಎಂದು ಹಟ ಹಿಡಿದ ಒಬ್ಬ ಹೆಂಗಸಿಗೆ "ಹೊಲಿಯೋದು ಹೊಲೀತೀನಿ, ಅದರೊಳಗೆ ಹೋಗೋರು ಯಾರು?" ಎಂದು ಕೇಳಿ ಗಿರಾಕಿಯನ್ನೇ ಕಳೆದುಕೊಂಡಿದ್ದೇನೆ. ಹೀಗೆ ಊರಿಗೆಲ್ಲ ಕಡ್ಡಿ ಮುರಿದಂತೆ ಮಾತಾಡುವ ನಾನು, ನನ್ನ ಅಪ್ಪನಿಗೆ ಹೇಳಲೇಬೇಕಾಗಿದ್ದ ಒಂದೇ ಒಂದು ಮಾತನ್ನು ಹೇಳಲಾರದೆ ಹೋದೆ. ಆ ಮಾತಿನ ಬದಲು ಅವರ ಕೈಗೆ ಒಂದು ಕೇಬಲ್ಲು ತಂದಿಟ್ಟೆ. ಅದೂ ಯಾರದೋ ಗಾಡಿಯದು.

ಅಪ್ಪ ಬಸ್ಸು ಓಡಿಸಿ ನಮ್ಮನ್ನು ಸಾಕಿದವರು. ನಿವೃತ್ತರಾದ ಮೇಲೆ ಸ್ಟೀರಿಂಗು ಬಿಟ್ಟಿರಲಾರದೆ ಹಳೆಯದೊಂದು ಕಾರು ಕೊಂಡರು. ಅಮ್ಮನನ್ನು ಮಾರ್ಕೆಟ್ಟಿಗೆ, ನನ್ನ ಮಗಳು ಪುಟ್ಟಿಯನ್ನು ಶಾಲೆಗೆ, ನನ್ನ ಬಟ್ಟೆಯ ಗಂಟುಗಳನ್ನು ಅಂಗಡಿಗೆ ಮುಟ್ಟಿಸುವುದೇ ಅವರ ಈಗಿನ ಡ್ಯೂಟಿ. ಮೂರು ತಿಂಗಳಿಗೊಮ್ಮೆ ಸರ್ವಿಸ್ ತಪ್ಪುವಂತಿಲ್ಲ. ಮನೆಯವರಿಗೆ ಜ್ವರ ಬಂದರೆ ನಾಳೆ ನೋಡೋಣ ಎನ್ನುವ ಮನುಷ್ಯ ಗಾಡಿಯ ಸರ್ವಿಸನ್ನು ಒಂದು ದಿನವೂ ಮುಂದೂಡಿದವರಲ್ಲ. ಅದರಲ್ಲೂ ಅವರದೊಂದು ಕಟ್ಟುನಿಟ್ಟು: ಗ್ಯಾರೇಜಿನಲ್ಲಿ ಏನು ಬದಲಾಯಿಸಿದರೂ ತೆಗೆದ ಹಳೇ ಸಾಮಾನು ಮನೆಗೆ ಬರಬೇಕು. ಬಂದದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ತಿರುಗಿಸಿ ಮುರುಗಿಸಿ ನೋಡಿ, ಎಲ್ಲಿ ಸವೆದಿದೆ, ಯಾಕೆ ಸವೆದಿದೆ ಎಂದು ತಮಗೆ ತಾವೇ ಹೇಳಿಕೊಂಡು ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. "ಇನ್ನೊಂದು ಕಾರು ಕಟ್ಟೋ ಅಷ್ಟು ಸಾಮಾನಿದೆ ಮನೇಲಿ, ಚಕ್ರ ಒಂದು ಬಾಕಿ" ಎಂದು ಅಮ್ಮ ಗೊಣಗುತ್ತಿದ್ದರು.

ನನಗೆ ಡ್ರೈವಿಂಗ್ ಕಲಿಸಿದ್ದೂ ಅಪ್ಪನೇ. ನಾನು ತಪ್ಪು ಗೇರಿಗೆ ಹಾಕಿದರೆ ಅಲ್ಲೇ, ಆ ಕ್ಷಣಕ್ಕೇ ಹೇಳುತ್ತಿದ್ದರು. ದನಿ ಏರಿಸುತ್ತಿರಲಿಲ್ಲ. "ತಿರುವಲ್ಲಿ ಹೇಳಬೇಕಾದ್ದನ್ನ ತಿರುವಲ್ಲೇ ಹೇಳ್ಬೇಕು ಮಗಳೇ. ಮನೆಗೆ ಬಂದು ಹೇಳಿದ್ರೆ ಅದು ಬರೀ ಚಾಡಿ" ಎನ್ನುತ್ತಿದ್ದರು.

ಆ ದಿನ ಶಾಲೆಯ ಹತ್ತಿರದ ತಿರುವಿನಲ್ಲಿ ನಾನೂ ಕಾರಿನಲ್ಲಿದ್ದೆ. ಎಡಗಡೆಯ ಸಣ್ಣ ರಸ್ತೆಯಿಂದ ಸೈಕಲ್ಲೊಂದು ಬಂತು. ಅಪ್ಪ ಸ್ಟೀರಿಂಗು ತಿರುಗಿಸುತ್ತಲೇ ಇದ್ದರು. "ಅಪ್ಪಾ!" ಎಂದು ಕಿರುಚಿದೆ. ಬ್ರೇಕ್ ಬಿತ್ತು, ಹಿಂದಿನ ಸೀಟಿನಲ್ಲಿದ್ದ ಪುಟ್ಟಿಯ ಚೀಲ ಹಾರಿ ಮುಂದೆ ಬಂತು. ಸೈಕಲ್ಲಿನವನು ಬಾಯಿಗೆ ಬಂದಂತೆ ಬೈದು ಹೋದ.

"ನೋಡಿದ್ದೆ ಕಣೇ. ಯಾಕೆ ಹಂಗೆ ಕಿರುಚ್ತೀಯ" ಎಂದರು ಅಪ್ಪ.

ನೋಡಿರಲಿಲ್ಲ. ಕಿರುಚುವಾಗ ನಾನು ಅವರ ಮುಖವನ್ನೇ ನೋಡಿದೆನಲ್ಲ, ಆ ಸೈಕಲ್ಲು ಅವರ ಪಾಲಿಗೆ ಅಲ್ಲಿ ಇರಲೇ ಇಲ್ಲ. ಅವತ್ತು ಸಂಜೆ ಎಡಗೈ ಪಕ್ಕದಲ್ಲೇ ಇಟ್ಟಿದ್ದ ಟೀ ಲೋಟಕ್ಕೆ ಅವರ ಕೈ ತಗುಲಿ ಟೀ ಎಲ್ಲ ಚೆಲ್ಲಿತು. "ಕಣ್ಣು ಎಲ್ಲಿಟ್ಟಿರ್ತೀರಿ?" ಎಂದು ಅಮ್ಮ ಮಾತಿಗೆ ಹೇಳುವಂತೆ ಹೇಳಿದರು. ನನಗೆ ಮಾತ್ರ ಆಗ ಹೊಳೆಯಿತು. ಅಪ್ಪನ ಎಡಗಣ್ಣು ಕೈಕೊಟ್ಟಿದೆ, ಅದು ಅವರಿಗೇ ಗೊತ್ತಿಲ್ಲ.

ಸರಿ, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಬೇರೆ ಊರಿನಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಫೋನು ಮಾಡಿದರೆ, "ನಿಮ್ಮಪ್ಪ, ನಿನ್ನ ಬಾಯಿ. ಇದರಲ್ಲಿ ನಾನ್ಯಾರು?" ಎಂದು ಜಾಣತನದಿಂದ ಜಾರಿಕೊಂಡರು. ಅಮ್ಮನಿಗೆ ಹೇಳಿದರೆ ಅವರ ಕಣ್ಣು ತುಂಬಿಬಂತು. "ಬಸ್ಸಲ್ಲಿ ಒಂದು ದಿನಾನೂ ಒಬ್ಬರಿಗೂ ತಗುಲಿಸಿದೋರಲ್ಲ ಕಣೇ. ನೀವಿನ್ನು ಓಡಿಸಬೇಡಿ ಅಂತ ನನ್ನ ಬಾಯಲ್ಲಿ ಬರಲ್ಲ" ಎಂದರು. ಹೊಲಿಗೆ ಮಿಷನ್ನಿನ ಮುಂದೆ ಕೂತು ನಾನು ಆ ವಾಕ್ಯವನ್ನು ಎಷ್ಟು ಸಲ ಬಾಯಿಪಾಠ ಮಾಡಿದೆನೋ. ಅಪ್ಪ, ನಿಮಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ. ಇಷ್ಟೇ. ಮನೆಗೆ ಬಂದು ಅವರ ಮುಖ ನೋಡಿದರೆ, ಟೀ ಮಾಡಲಾ ಎಂದು ಕೇಳಿ ಒಳಗೆ ಹೋಗಿಬಿಡುತ್ತಿದ್ದೆ.

ಅಷ್ಟರಲ್ಲಿ ಸರ್ವಿಸ್ ದಿನ ಬಂತು. ಅವತ್ತೇ ಅಪ್ಪನಿಗೆ ಮೈ ಸುಡುವ ಜ್ವರ. ಗಾಡಿಯನ್ನು ಮೊದಲ ಸಲ ನನ್ನ ಕೈಲಿ ಕಳಿಸಿದರು, ಹತ್ತು ಸಲ ಹೇಳಿ ಕಳಿಸಿದರು. "ಆಯಿಲ್ಲು ನಿನ್ನ ಕಣ್ಮುಂದೇನೇ ಸುರಿಸು. ಬ್ರೇಕು ಬಿಚ್ಚಿ ನೋಡಲಿ. ಕ್ಲಚ್ಚು ಸ್ವಲ್ಪ ಬಿಗಿ ಬರ್ತಿದೆ, ಅದನ್ನೂ ಹೇಳು. ತೆಗೆದ ಸಾಮಾನು ಮರೀಬೇಡ."

ನಮ್ಮ ಮೆಕ್ಯಾನಿಕ್ಕಿಗೆ ಎಲ್ಲರೂ ನಿಧಾನಣ್ಣ ಎನ್ನುತ್ತಾರೆ. ಒಂದು ಬೋಲ್ಟು ಬಿಚ್ಚುವುದರೊಳಗೆ ಬಂದವರು ಒಂದು ನಿದ್ದೆ ತೆಗೆಯಬಹುದು, ಆದರೆ ಕೆಲಸದಲ್ಲಿ ಮೋಸ ಇಲ್ಲ. ಅವನು ಗಾಡಿಯ ಕೆಳಗಿನಿಂದ ಹೊರಗೆ ಬಂದು ಕೈ ಒರೆಸಿಕೊಂಡ.

"ಅಕ್ಕ, ಕ್ಲಚ್ ಕೇಬಲ್ಲು ಒಣಗಿಹೋಗಿದೆ. ಬದಲಾಯಿಸಿದ್ರೆ ಪೆಡಲು ಬೆಣ್ಣೆ ಥರ ಆಗುತ್ತೆ."

"ಬದಲಾಯಿಸದಿದ್ರೆ?"

"ದಿನಾ ದಿನಾ ಇನ್ನೂ ಬಿಗಿ ಆಗುತ್ತೆ. ಮುಂದಿನ ಸರ್ವಿಸ್‌ವರೆಗೂ ತಡೆಯುತ್ತೆ, ಅದಕ್ಕೇನಿಲ್ಲ. ಆದ್ರೆ ಅಪ್ಪನ ಕಾಲಿಗೆ ಯಾಕೆ ಸುಮ್ನೆ ಶಿಕ್ಷೆ?"

ಯಾಕೆ ಶಿಕ್ಷೆ ಎಂದು ಅವನು ಕೇಳಿದ್ದೇ ತಡ, ನನ್ನ ತಲೆಯಲ್ಲಿ ಆ ಹಾಳು ಯೋಚನೆ ಬಂತು. ಪೆಡಲು ತುಳಿಯಲು ಕಷ್ಟವಾದರೆ ಅಪ್ಪ ತಾವಾಗಿಯೇ ಕೀ ಕೆಳಗಿಡುತ್ತಾರೆ. ಕಾಲು ಸೋತಿತು ಎಂದುಕೊಳ್ಳುತ್ತಾರೆ. ವಯಸ್ಸಾದ ಮೇಲೆ ಯಾರ ಕಾಲು ಸೋಲುವುದಿಲ್ಲ? ನಾನೂ ಬಾಯಿ ಬಿಡಬೇಕಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ಬೇಡ, ಅದೇ ಇರಲಿ. ಅಪ್ಪನಿಗೆ ಮಾತ್ರ ಬದಲಾಯಿಸಿದ್ದೀವಿ ಅಂತ ಹೇಳ್ತೀನಿ" ಎಂದೆ.

ನಿಧಾನಣ್ಣ ನನ್ನನ್ನೇ ನೋಡಿದ. "ಅವರು ಹಳೇ ಕೇಬಲ್ಲು ಎಲ್ಲಿ ಅಂತ ಕೇಳ್ತಾರಲ್ಲಕ್ಕ."

ಮೂಲೆಯಲ್ಲಿ ಗುಜರಿಗೆ ಹಾಕುವ ಸಾಮಾನಿನ ಬಕೆಟ್ಟಿತ್ತು. ಅದರಿಂದ ಸವೆದ ಕೇಬಲ್ಲೊಂದನ್ನು ಎಳೆದುಕೊಂಡೆ. "ಇದೇ ಹಳೇದು."

"ನನಗಿದು ಸರಿ ಕಾಣಲ್ಲಕ್ಕ."

"ಗಾಡಿ ನಮ್ದು, ಅಪ್ಪ ನಮ್ಮಪ್ಪ. ನಿನಗೇನು ಕಷ್ಟ?" ಎಂದು ರೇಗಿದೆ. ಪಾಪ, ಅವನು ಮತ್ತೆ ಗಾಡಿಯ ಕೆಳಗೆ ಹೋದ. ತಪ್ಪು ಮಾಡುವಾಗ ನನ್ನ ದನಿ ಇನ್ನೂ ಜೋರಾಗುತ್ತದೆ.

ಮನೆಗೆ ಬಂದಾಗ ಅಪ್ಪ ಕಂಬಳಿಯೊಳಗಿಂದಲೇ ಕೈ ಚಾಚಿದರು. ಕೇಬಲ್ಲು ಕೊಟ್ಟೆ. ಎದ್ದು ಕೂತು ಅದರ ಉದ್ದಕ್ಕೂ ಬೆರಳಾಡಿಸಿದರು. ತುದಿಯನ್ನು ತುಂಬಾ ಹೊತ್ತು ನೋಡಿದರು.

"ಇದೇನಾ ತೆಗೆದಿದ್ದು?"

"ಹೂಂ."

"ಅವನೇ ಕೈಯಾರೆ ಕೊಟ್ನಾ?"

"ಹೂಂ ಅಂದೆನಲ್ಲಪ್ಪಾ! ಎಷ್ಟು ಸಲ ಹೇಳೋದು?"

"ಸರಿ ಬಿಡು" ಎಂದು ಸುತ್ತಿ ಡಬ್ಬಿಗೆ ಹಾಕಿದರು. ತೊಳೆಯಲಿಲ್ಲ. ಜ್ವರವಲ್ಲವೇ, ಅದಕ್ಕೇ ಎಂದುಕೊಂಡೆ.

ಜ್ವರ ಬಿಟ್ಟ ಮೇಲೆ ಅಪ್ಪ ಒಮ್ಮೆ ಗಾಡಿ ಸ್ಟಾರ್ಟ್ ಮಾಡಿದರು. ಕ್ಲಚ್ಚು ತುಳಿದರು, ಬಿಟ್ಟರು, ಮತ್ತೆ ತುಳಿದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಅವರ ಹಣೆಯ ಗೆರೆಗಳು ಕಂಡವು. ಇಂಜಿನ್ನು ಆರಿಸಿ, ಒಳಗೆ ಬಂದು ಕೀಯನ್ನು ನನ್ನ ಮುಂದಿಟ್ಟರು. "ಕಾಲು ಸ್ವಲ್ಪ ಹಿಡ್ಕೊಂಡಿದೆ ಮಗಳೇ. ಸರಿಹೋಗೋ ತನಕ ಪುಟ್ಟೀನ ನೀನೇ ಬಿಟ್ಟು ಬಾ."

ಗೆದ್ದೆ ಎಂದುಕೊಂಡೆ. ಇಷ್ಟು ಸುಲಭವೇ ಎಂದೂ ಅನಿಸಿತು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆಯೂ ಬಂತು. ಅದೇ ಕೊನೆ, ಆಮೇಲೆ ಅಂಥ ನಿದ್ದೆ ಬರಲಿಲ್ಲ.

ಒಂದು ಮಧ್ಯಾಹ್ನ, ಮರೆತುಹೋಗಿದ್ದ ಕತ್ತರಿ ತರಲು ಮನೆಗೆ ಬಂದೆ. ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಅಪ್ಪ ಕೂತಿದ್ದರು. ಇಂಜಿನ್ನು ಆರಿತ್ತು. ಕೊರಳಿಗೆ ಟವೆಲ್ಲು, ಮುಖದ ತುಂಬ ಬೆವರು. ಎಡಗಾಲಿನಲ್ಲಿ ಕ್ಲಚ್ಚು ತುಳಿಯುತ್ತಿದ್ದರು, ಬಿಡುತ್ತಿದ್ದರು, ತುಟಿ ಎಣಿಸುತ್ತಿತ್ತು. ನನ್ನನ್ನು ಕಂಡು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಕ್ಕರು.

"ಸ್ವಲ್ಪ ಕಸರತ್ತು ಕಣೇ. ಕಾಲು ಗಟ್ಟಿ ಆಗ್ಲಿ ಅಂತ."

ಕಳ್ಳಿ ನಾನು, ನಾಚಿಕೊಂಡವರು ಅವರು. ಕತ್ತರಿಯನ್ನು ಮತ್ತೆ ಮರೆತು ಅಂಗಡಿಗೆ ಹೋದೆ. ಆ ದಿನ ಯಾರದೋ ರವಿಕೆಗೆ ತೋಳನ್ನು ತಿರುಗುಮುರುಗಾಗಿ ಹೊಲಿದು, ಬಿಚ್ಚುತ್ತಾ ನನಗೆ ನಾನೇ ಥೂ ಎಂದು ಉಗಿದುಕೊಂಡೆ.

ಆಮೇಲೆ ಅದು ದಿನವೂ ನಡೆಯಿತು. ಮಧ್ಯಾಹ್ನ ಶೆಡ್ಡಿನಲ್ಲಿ ಕಸರತ್ತು, ಸಂಜೆ ಅಮ್ಮನ ಕೈಲಿ ಕಾಲಿಗೆ ಎಣ್ಣೆ. "ಹೊಸ ಕೇಬಲ್ಲು ಹಾಕಿಸಿದ ಮೇಲೂ ಹಿಂಗಂದ್ರೆ ಕಾಲೇ ಸೋತಿದೆ, ಇನ್ನೇನು" ಎಂದು ಅಮ್ಮ ನಿಟ್ಟುಸಿರುಬಿಟ್ಟರು. ಪುಟ್ಟಿ ಅಜ್ಜನ ಮೊಣಕಾಲು ಮುಟ್ಟಿ, "ಅಜ್ಜನ ಕಾಲು ಕೆಡಿಸಿದ್ದು ಯಾರಮ್ಮಾ?" ಎಂದು ಕೇಳಿದಳು.

"ಯಾರೂ ಕೆಡಿಸಿಲ್ಲ! ಹೋಗು, ಓದ್ಕೋ!" ಎಂದು ಅರಚಿದೆ. ಮಗು ಬೆಚ್ಚಿಬಿದ್ದಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ನನ್ನನ್ನು ನೋಡಿಯೇ ಹುಟ್ಟಿದ ಗಾದೆ ಇರಬೇಕು. ಅಪ್ಪ ಮಾತ್ರ ಪುಟ್ಟಿಯ ತಲೆ ಸವರುತ್ತಾ ಒಂದು ಕ್ಷಣ ನನ್ನ ಕಡೆ ನೋಡಿದರು.

ಈಗ ಆ ಬಿಗಿ ಕ್ಲಚ್ಚು ತುಳಿಯುವುದು ನನ್ನ ಪಾಲಾಗಿತ್ತು. ಪ್ರತಿ ಸಿಗ್ನಲ್ಲಿನಲ್ಲೂ ನನ್ನ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಅನುಭವಿಸು, ನಿನಗಿದೇ ಆಗಬೇಕು ಎಂದು ಹಲ್ಲು ಕಚ್ಚಿ ಓಡಿಸುತ್ತಿದ್ದೆ. ನಿಧಾನಣ್ಣನ ಹತ್ತಿರ ಹೋಗಿ ಗುಟ್ಟಾಗಿ ಹೊಸ ಕೇಬಲ್ಲು ಹಾಕಿಸಿಬಿಡಲೇ ಎಂದು ಎಷ್ಟೋ ಸಲ ಅನಿಸಿತು. ಹಾಕಿಸಿದರೆ ಅಪ್ಪ ಮರುದಿನವೇ ಕೀ ಕೇಳುತ್ತಾರೆ. ಮತ್ತೆ ಅದೇ ತಿರುವು, ಹಿಂದಿನ ಸೀಟಿನಲ್ಲಿ ಪುಟ್ಟಿ. ಹಾಕಿಸದಿದ್ದರೆ ಅಪ್ಪ ಹೀಗೇ ತುಳಿಯುತ್ತಿರುತ್ತಾರೆ. ಬಾಯಿ ಬಿಟ್ಟು ಹೇಳುವ ದಾರಿಯೊಂದು ಇದೆಯಲ್ಲ ಎಂದರೆ, ಈಗ ಅದರ ಜೊತೆಗೆ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ಮೊದಲು ಒಂದು ಮಾತಿಗೆ ಹೆದರಿದವಳು ಈಗ ಎರಡಕ್ಕೆ ಹೆದರಿದೆ.

ಒಂದು ದಿನ ಅಪ್ಪ ಒಬ್ಬರೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿ ಬಂದರು. ಮುಖ ಅರಳಿತ್ತು. "ಡಾಕ್ಟ್ರು ಕಾಲನ್ನ ಬಗ್ಗಿಸಿ, ಎಳೆದು, ತಟ್ಟಿ ಎಲ್ಲಾ ನೋಡಿದ್ರು. ಕಬ್ಬಿಣ ಇದ್ದಂಗಿದೆ ಅಂದ್ರು, ಕಬ್ಬಿಣ!" ಎಂದು ಅಮ್ಮನಿಗೆ ಹೇಳಿದರು. ಹೇಳಿದ್ದು ಅಮ್ಮನಿಗೆ, ನೋಡಿದ್ದು ನನ್ನನ್ನು. ನಾನು ಆಗಲಾದರೂ ಹೇಳಬಹುದಿತ್ತು. "ಹಾಲು ಉಕ್ಕೀತು" ಎನ್ನುತ್ತಾ ಅಡುಗೆಮನೆಗೆ ಓಡಿದೆ. ಒಲೆಯ ಮೇಲೆ ಹಾಲು ಇರಲೇ ಇಲ್ಲ.

ಮತ್ತೆ ಸರ್ವಿಸ್ ದಿನ ಬಂತು. "ನಾನೂ ಬರ್ತೀನಿ" ಎಂದರು ಅಪ್ಪ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪಕ್ಕದ ಸೀಟಿನಲ್ಲಿ ಕೂತು, ಬಿಸ್ಕತ್ತಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ಡಬ್ಬಿ ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ದಾರಿಯುದ್ದಕ್ಕೂ ಒಳಗಿನ ಸಾಮಾನು ಗಡಗಡ ಎನ್ನುತ್ತಿತ್ತು.

ಗ್ಯಾರೇಜಿನಲ್ಲಿ ಅಪ್ಪ ಡಬ್ಬಿಯ ಮುಚ್ಚಳ ತೆಗೆದು ಆ ಕೇಬಲ್ಲನ್ನು ನಿಧಾನಣ್ಣನ ಮೇಜಿನ ಮೇಲಿಟ್ಟರು.

"ತಗೋಪ್ಪ. ಇದು ನಮ್ಮ ಗಾಡೀದಲ್ಲ. ಯಾರದೋ ವ್ಯಾನಿಂದು."

ನಿಧಾನಣ್ಣನ ಕೈಲಿದ್ದ ಸ್ಪ್ಯಾನರು ಅಲ್ಲೇ ನಿಂತಿತು. ಅವನು ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ. ನೆಲ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು.

"ನೀನೇನೂ ಹೆದರ್ಕೋಬೇಡ, ನಿನ್ನ ತಪ್ಪಲ್ಲ ಅಂತ ನನಗೆ ಗೊತ್ತು. ಹೋಗು, ಹೊಸ ಕೇಬಲ್ಲು ಹಾಕು. ಓಡಿಸೋಳು ನನ್ನ ಮಗಳು, ಅವಳ ಕಾಲು ನೋಯಬಾರದು" ಎಂದರು ಅಪ್ಪ.

ಅವನು ಬದುಕಿದೆಯಾ ಬಡಜೀವವೇ ಎಂಬಂತೆ, ಜೀವನದಲ್ಲಿ ಮೊದಲ ಸಲ ಬೇಗ ಬೇಗ ಹೆಜ್ಜೆ ಹಾಕಿ ಒಳಗೆ ಹೋದ. ಹಳೇ ಟಯರುಗಳ ಪಕ್ಕದ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು.

"ಯಾವಾಗ ಗೊತ್ತಾಯ್ತಪ್ಪಾ?"

"ಕೈಗೆ ತಗೊಂಡಾಗಲೇ. ನಮ್ಮ ಕೇಬಲ್ಲು ಇದಕ್ಕಿಂತ ಗೇಣು ಗಿಡ್ಡ. ಮೊದಲು, ಇವನು ನನ್ನ ಮಗಳಿಗೆ ಟೋಪಿ ಹಾಕಿದ್ನಲ್ಲಾ ಅಂತ ಸಿಟ್ಟು ಬಂತು. ಜ್ವರ ಬಿಟ್ಟ ಮೇಲೆ ಬಂದು ಇವನ ಚಳಿ ಬಿಡಿಸೋಣ ಅಂತಿದ್ದೆ. ಆಮೇಲೆ ಯೋಚನೆ ಮಾಡಿದೆ. ಬಟ್ಟೆ ಒಂದು ಬೆರಳು ಕಮ್ಮಿ ಇದ್ರೂ ಅಂಗಡಿಯೋನನ್ನ ಬೀದಿಗೆ ಎಳೆಯೋಳು ನೀನು. ನಿನಗೆ ಟೋಪಿ ಹಾಕೋ ಗಂಡು ಇನ್ನೂ ಹುಟ್ಟಿಲ್ಲ. ಅಂದ್ಮೇಲೆ ಇದು ನಿಂದೇ ಕೆಲಸ."

"ಮತ್ತೆ ಯಾಕೆ ಸುಮ್ನಿದ್ರಿ?"

"ಅಪ್ಪನಿಗೆ ವಯಸ್ಸಾಯ್ತು, ಕಾಲಲ್ಲಿ ಮೊದಲಿನ ಕಸುವಿಲ್ಲ, ಸಾಕು ಅಂತ ನಿನಗೆ ಅನ್ಸಿದೆ. ಬಾಯಿ ಬಿಟ್ಟು ಹೇಳೋಕೆ ಸಂಕಟ. ಅದಕ್ಕೇ ಕೀ ಕೊಟ್ಟೆ." ಅಪ್ಪ ಎಡಗಾಲನ್ನು ಮುಂದೆ ಚಾಚಿ ನೋಡಿಕೊಂಡರು. "ಆದ್ರೆ ಕಾಲು ಗಟ್ಟಿಯಾಗಿದೆ ಕಣೇ. ಬಾಯಲ್ಲಿ ಹೇಳಿದ್ರೆ ನೀನು ನಂಬಲ್ಲ. ಆ ಬಿಗಿ ಪೆಡಲನ್ನೇ ತುಳಿದು ತೋರಿಸಿದ್ರೆ ನಂಬ್ತೀಯ ಅಂತ ದಿನಾ ತುಳಿದೆ. ಡಾಕ್ಟ್ರ ಹತ್ರಾನೂ ಹೇಳಿಸ್ಕೊಂಡು ಬಂದೆ. ಈಗ ಒಪ್ಕೋತೀಯೇನು?"

ಪರೀಕ್ಷೆ ಪಾಸಾದ ಮಕ್ಕಳು ಕೇಳುವಂತೆ ಕೇಳಿದರು. ಇಷ್ಟೂ ದಿನ ನನ್ನ ಸುಳ್ಳು ಅವರಿಗೆ ಗೊತ್ತಿತ್ತು, ಅದನ್ನು ಯಾವತ್ತೋ ಕ್ಷಮಿಸಿಯೂ ಬಿಟ್ಟಿದ್ದರು. ಗೊತ್ತಿಲ್ಲದೆ ಇದ್ದದ್ದು ನಿಜ ಮಾತ್ರ.

"ಕಾಲಲ್ಲಪ್ಪಾ" ಎಂದೆ. ಅಳು ಬಂದುಬಿಟ್ಟಿತು. "ಕಾಲಿಗೇನೂ ಆಗಿಲ್ಲ. ಕಣ್ಣು. ನಿಮ್ಮ ಎಡಗಣ್ಣು. ಅವತ್ತು ಆ ಸೈಕಲ್ಲು ನಿಮಗೆ ಕಾಣಲೇ ಇಲ್ಲ."

ಅಪ್ಪ ನಿಧಾನವಾಗಿ ಬಲಗೈ ಎತ್ತಿ ಬಲಗಣ್ಣನ್ನು ಮುಚ್ಚಿಕೊಂಡರು. ಎದುರಿನ ಗೋಡೆಯ ಕಡೆ ಮುಖ ಮಾಡಿ ಕೂತರು. ಕತ್ತು ಸ್ವಲ್ಪ ಅತ್ತ ತಿರುಗಿತು, ಸ್ವಲ್ಪ ಇತ್ತ ತಿರುಗಿತು.

"ಆ ಗೋಡೆ ಮೇಲೆ ಏನಿದೆ?"

"ಬೋರ್ಡು. ಇಲ್ಲಿ ಸಿಗರೇಟು ಸೇದಬಾರದು ಅಂತ."

"ಬೋರ್ಡಿದೆಯಾ?" ಎಂದರು ಅಪ್ಪ.

ಕೈ ತೆಗೆದರು. ಬೋರ್ಡು ಕಂಡಿರಬೇಕು, ತಲೆ ಅಲ್ಲಾಡಿಸಿದರು. ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಕೆಂಪು ಅಕ್ಷರದ ಅಷ್ಟು ದೊಡ್ಡ ಬೋರ್ಡು.

"ಕಾಲಿನ ಡಾಕ್ಟ್ರಿಗೆ ಕಾಯ್ತಾ ಕೂತಿದ್ನಲ್ಲ, ಅದರ ಪಕ್ಕದ ಬಾಗಿಲೇ ಕಣ್ಣಿನ ಡಾಕ್ಟ್ರದ್ದು" ಎಂದರು. "ಆ ಬಾಗಿಲಿಗೇ ಬೆನ್ನು ಒರಗಿಸ್ಕೊಂಡು ಕೂತಿದ್ದೆ." ಆಮೇಲೆ ನನ್ನ ಕಡೆ ತಿರುಗಿ, ದನಿ ಏರಿಸದೆ, "ಹೇಳಬಾರದಿತ್ತಾ ಮಗಳೇ? ಇಷ್ಟು ದಿನ ಸುಮ್ನೆ ಪೆಡಲು ತುಳಿಸ್ಬಿಟ್ಟೆಯಲ್ಲ" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪಾಯ್ತಪ್ಪಾ, ತಪ್ಪಾಯ್ತು ಎಂದು ಎಷ್ಟು ಸಲ ಅಂದೆನೋ ಗೊತ್ತಿಲ್ಲ. ಅಪ್ಪ ಡಬ್ಬಿಯ ಮುಚ್ಚಳ ಹಾಕಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದರು.

ಕೆಲಸ ಮುಗಿಸಿದ ನಿಧಾನಣ್ಣ ನಮ್ಮ ಗಾಡಿಯದೇ ಹಳೇ ಕೇಬಲ್ಲನ್ನು ಬಟ್ಟೆಯಲ್ಲಿ ಒರೆಸಿ ತಂದುಕೊಟ್ಟ. ಅಪ್ಪ ಅದನ್ನು ಬರೀ ಬೆರಳಲ್ಲಿ ಮುಟ್ಟಿ ನೋಡಿ ಡಬ್ಬಿಗೆ ಹಾಕಿದರು. ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿನ ತನಕ ಹೋದವರು ಅದನ್ನು ನನಗಾಗಿ ತೆಗೆದು ಹಿಡಿದರು, ಆಮೇಲೆ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತರು.

"ಮನೆಗೆ ಬೇಡ. ಆಸ್ಪತ್ರೆ ಕಡೆ ನಡಿ."

ಕ್ಲಚ್ಚು ತುಳಿದೆ. ಬೆಣ್ಣೆಯ ಹಾಗೆ ಕೆಳಗಿಳಿಯಿತು. ಇಷ್ಟು ಸಲೀಸಾದದ್ದನ್ನು ಅಪ್ಪನಿಗೆ ಇಷ್ಟು ದಿನ ತಪ್ಪಿಸಿದೆನಲ್ಲ ಎಂದು ಮತ್ತೆ ಕಣ್ಣು ಮಂಜಾಯಿತು. ನಾನು ಗೇರು ಬದಲಾಯಿಸಿದಾಗಲೆಲ್ಲ ಪಕ್ಕದಲ್ಲಿ ಅಪ್ಪನ ಎಡಗಾಲು ಮ್ಯಾಟಿನ ಮೇಲೆ ತನ್ನಷ್ಟಕ್ಕೆ ತಾನೇ ಒತ್ತುತ್ತಿತ್ತು.

ಶಾಲೆಯ ಹತ್ತಿರದ ತಿರುವು ಬಂತು. ನಾನು ವೇಗ ಇಳಿಸಿದೆ. ಅಪ್ಪ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಮುಂದೆಯೇ ನೋಡುತ್ತಾ ಹೇಳಿದರು:

"ಎಡಗಡೆ ನೀನೇ ನೋಡ್ಕೋ ಮಗಳೇ. ನನಗೆ ಕಾಣಲ್ಲ."